ನಾಲ್ಕು ಬೆರಳು

ಹೊಳೆ ಆಗ ಇನ್ನೂ ತನ್ನ ಹಳೆಯ ದಾರಿಯಲ್ಲೇ ಹರಿಯುತ್ತಿತ್ತು. ಅದರ ದಂಡೆಯ ಮೇಲೆ ಒಂದು ಆಶ್ರಮ. ನಾಲ್ಕು ಗುಡಿಸಲು, ಒಂದು ಅಡುಗೆಮನೆ, ದಾರಿಹೋಕರು ಮಲಗುವುದಕ್ಕೆ ಒಂದು ಪಡಸಾಲೆ. ಹಿಂದೆ ಒಂದು ತುಂಡು ಹತ್ತಿಯ ಹೊಲ.

ಅಲ್ಲಿಯ ಗುರುವನ್ನು ಎಲ್ಲರೂ ಅಜ್ಜ ಎನ್ನುತ್ತಿದ್ದರು. ಅವರಿಗೆ ಬೇರೆ ಹೆಸರಿತ್ತು. ಅದು ಅವರಿಗೇ ಮರೆತುಹೋಗಿದೆ ಎಂದು ಅಡುಗೆಯ ಕರಿಬಸಪ್ಪ ಹೇಳುತ್ತಿದ್ದ.

ಆ ಆಶ್ರಮದಲ್ಲಿ ಹೊಸ ಬಟ್ಟೆ ಕೊಳ್ಳುವುದಕ್ಕೆ ಒಂದು ಕ್ರಮವಿತ್ತು.

ದೀಪಾವಳಿ ಕಳೆದ ಮೇಲೆ, ಮಂಜಿಲ್ಲದ ಒಂದು ಬೆಳಿಗ್ಗೆ, ಶಿಷ್ಯರೆಲ್ಲ ಹೊಳೆಯ ಬಂಡೆಯ ಮೇಲೆ ಸಾಲಾಗಿ ನಿಲ್ಲುವರು. ಒಬ್ಬೊಬ್ಬರೂ ತಮ್ಮ ದುಪ್ಪಟಿಯನ್ನು ಸೂರ್ಯನಿಗೆ ಹಿಡಿಯುವರು. ದುಪ್ಪಟಿ ಎಂದರೆ ದಪ್ಪ ಹತ್ತಿಯ ಹೊದಿಕೆ. ಹಗಲಿಗೆ ಅದೇ ಅಂಗಿ, ರಾತ್ರಿಗೆ ಅದೇ ಹಾಸಿಗೆ.

ಹೆಗಲ ಮೇಲೆ ಬೀಳುವ ಜಾಗ ಎಲ್ಲಕ್ಕಿಂತ ಮೊದಲು ಸವೆಯುತ್ತದೆ. ಆ ಜಾಗದ ಹಿಂದೆ ಎಡಗೈಯನ್ನು ಅಗಲಿಸಿ ಇಡಬೇಕು. ಬಟ್ಟೆಯ ಮೂಲಕ ಎಷ್ಟು ಬೆರಳು ಕಾಣುತ್ತವೆ ಎಂದು ಎಣಿಸಬೇಕು.

ಐದೂ ಕಂಡರೆ ಹೊಸದು. ನಾಲ್ಕೇ ಕಂಡರೆ ಇನ್ನೊಂದು ವರ್ಷ.

ಅಜ್ಜ ಬಟ್ಟೆಯ ಕಡೆ ನೋಡುತ್ತಿರಲಿಲ್ಲ. ಎದುರಿಗೆ ಬಂದು ನಿಂತು "ಎಷ್ಟು?" ಎಂದು ಕೇಳುವರು. ಹೇಳಿದ್ದನ್ನು ಕೇಳಿಕೊಂಡು ಮುಂದಿನವನ ಬಳಿ ಹೋಗುವರು.

ಒಮ್ಮೆ ಒಬ್ಬ ಯಾತ್ರಿಕ ಅವರನ್ನು ಕೇಳಿದ್ದ.

"ಇಷ್ಟೆಲ್ಲ ಯಾಕೆ ಅಜ್ಜಾ? ಬೇಕಾದಾಗ ಕೊಂಡರಾಯಿತಲ್ಲ?"

"ಬೇಕು ಅಂತ ಯಾರು ಹೇಳೋದು?"

"ಮನಸ್ಸು."

"ಅದಕ್ಕೆ ಹುಟ್ಟಿದಾಗಿನಿಂದ ಬೇಕು. ಅದಕ್ಕೇ ಬಟ್ಟೆಯನ್ನು ಕೇಳ್ತೀವಿ."

ಯಾತ್ರಿಕ ಮತ್ತೆ ಕೇಳಿದ.

"ಬೇಗ ಕೊಂಡರೆ ಆಸೆ. ಅದು ತಿಳಿಯಿತು. ತಡವಾಗಿ ಕೊಂಡರೆ?"

"ಅದನ್ನು ತಡಮಾಡಿದವನು ಹೇಳಬೇಕು" ಎಂದರು ಅಜ್ಜ.

ಪಕ್ಕದಲ್ಲಿ ಹಾಲೇಶ ಹಗ್ಗ ಹೊಸೆಯುತ್ತಾ ಕುಳಿತಿದ್ದ. ಅವನು ತಲೆ ಎತ್ತಲಿಲ್ಲ.

*

ಹಾಲೇಶ ಆಶ್ರಮಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಊರು ಅಲ್ಲಿಂದ ಮೂರು ದಿನದ ದಾರಿ.

ಹೊರಟ ದಿನ ಅವನ ತಾಯಿ ಅಳಲಿಲ್ಲ. ನಸುಕಿನಲ್ಲೇ ಎದ್ದು ಮಗ್ಗಕ್ಕೆ ಇಳಿದಿದ್ದಳು. ಕೊನೆಯ ಒಂದು ಮೊಳ ಬಾಕಿ ಇತ್ತು. ಅವನು ಬಾಗಿಲಲ್ಲಿ ನಿಂತೇ ಇದ್ದ, ಲಾಳಿ ಆ ಕಡೆ ಈ ಕಡೆ ಓಡುತ್ತಲೇ ಇತ್ತು.

"ಹೊತ್ತಾಯಿತು ಅವ್ವಾ."

"ಹೊತ್ತು ಎಲ್ಲಿಗೂ ಹೋಗೋದಿಲ್ಲ. ನೀನೇ ಹೋಗೋನು. ನಿಲ್ಲು."

ಮುಗಿದ ಮೇಲೆ ಮಗ್ಗದಿಂದ ಕೊಯ್ದು, ಮಡಿಸದೆ, ಹಾಗೇ ಅವನ ಮೈಮೇಲೆ ಹೊದಿಸಿದಳು. ಬಿಳಿಯ ದುಪ್ಪಟಿ, ಒಂದು ಬದಿಗೆ ಕೆಂಪು ಅಂಚು. ಅದಕ್ಕೆ ಇನ್ನೂ ಗಂಜಿಯ ವಾಸನೆ ಇತ್ತು. ನೂಲಿಗೆ ಹಾಕುವ ಅಕ್ಕಿಗಂಜಿ. ಹಾಲೇಶನ ಬಾಲ್ಯವೆಲ್ಲ ಅದೇ ವಾಸನೆ.

ಮೊದಲ ತೊಳೆತಕ್ಕೆ ಆ ವಾಸನೆ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಆಶ್ರಮಕ್ಕೆ ಬಂದು ಇಪ್ಪತ್ತು ದಿನ ಅವನು ಅದನ್ನು ತೊಳೆಯಲಿಲ್ಲ. ಕರಿಬಸಪ್ಪ ಮೂಗು ಮುಚ್ಚಿಕೊಂಡು, "ತಮ್ಮಾ, ವೈರಾಗ್ಯ ಬೇರೆ, ಕೊಳೆ ಬೇರೆ" ಎಂದ ಮೇಲೆ ತೊಳೆದ.

ಮೂರನೆಯ ವರ್ಷದ ಶ್ರಾವಣದಲ್ಲಿ ಅವ್ವ ಹೋದ ಸುದ್ದಿ ಬಂತು. ಹೊಳೆ ತುಂಬಿತ್ತು. ಹರಿಗೋಲಿನವನು ನೀರಿಗಿಳಿಯಲು ಒಪ್ಪಲಿಲ್ಲ. ಇಳಿದಾಗ ಹನ್ನೊಂದು ದಿನ ಕಳೆದಿತ್ತು.

ಹಾಲೇಶ ಊರು ಮುಟ್ಟಿದಾಗ ಚಿಕ್ಕಪ್ಪ ಮನೆ ಗುಡಿಸಿ ಸಾರಿಸಿದ್ದ. ಅವ್ವನ ಸೀರೆಗಳು ಯಾರ್ಯಾರ ಮನೆಗೋ ಹೋಗಿದ್ದವು. ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದ್ದರು. ಅವಳು ಕಾಲು ಇಳಿಬಿಟ್ಟು ಕೂರುತ್ತಿದ್ದ ಮಗ್ಗದ ಗುಂಡಿಗೆ ಮಣ್ಣು ಮುಚ್ಚಿ ಸಮ ಮಾಡಿದ್ದರು.

"ಮಕ್ಕಳು ಬೀಳ್ತಾರೆ ಅಂತ" ಎಂದ ಚಿಕ್ಕಪ್ಪ.

ಅದೇ ವರ್ಷ, ದೀಪಾವಳಿ ಕಳೆದ ಮೇಲೆ, ಬಂಡೆಯ ಮೇಲೆ ನಿಲ್ಲುವ ಹಿಂದಿನ ದಿನ, ಹಾಲೇಶ ಒಬ್ಬನೇ ಹೋಗಿ ದುಪ್ಪಟಿಯನ್ನು ಸೂರ್ಯನಿಗೆ ಹಿಡಿದು ನೋಡಿದ.

ಐದು ಬೆರಳು ಕಂಡವು.

ಐದು ಕಂಡರೆ ಹೊಸದು ಬರುತ್ತದೆ. ಹಳೆಯದು ಕೌದಿಗೆ ಹೋಗುತ್ತದೆ. ಅದೂ ಅಲ್ಲಿಯ ಕ್ರಮವೇ. ಕರಿಬಸಪ್ಪ ಹಳೆಯ ದುಪ್ಪಟಿಗಳನ್ನು ಹರಿದು, ಒಂದರ ಮೇಲೊಂದು ಪದರ ಹಾಕಿ, ಗೋಣಿಸೂಜಿಯಿಂದ ಹೊಲಿದು ಕೌದಿ ಮಾಡುವನು. ಅದು ಪಡಸಾಲೆಗೆ ಹೋಗುವುದು. ಯಾವ ಊರಿನವರೋ ಬಂದು ಹೊದ್ದು ಮಲಗಿ, ಬೆಳಿಗ್ಗೆ ಎದ್ದು ಹೋಗುವರು.

ಹಾಲೇಶ ಸೂಜಿ ತೆಗೆದ. ಹೆಬ್ಬೆರಳು ಬರುವ ಜಾಗವನ್ನು ಗುರುತು ಮಾಡಿಕೊಂಡ. ಅಲ್ಲಿಯ ಸತ್ತ ಎಳೆಗಳನ್ನು ಕಿತ್ತು, ಹೊಸ ಎಳೆ ಹೆಣೆದ. ಒಂದು ಸಲ ಅಲ್ಲ, ಎರಡು ಪದರ.

ಮರುದಿನ ಅಜ್ಜ ಎದುರಿಗೆ ಬಂದು ನಿಂತರು.

"ಎಷ್ಟು?"

"ನಾಲ್ಕು" ಎಂದ ಹಾಲೇಶ.

ಅದು ಸುಳ್ಳಾಗಿರಲಿಲ್ಲ. ನಾಲ್ಕೇ ಕಾಣುತ್ತಿದ್ದವು.

*

ಹಾಗೆ ಆರು ವರ್ಷ.

ಪ್ರತಿ ವರ್ಷವೂ ಮಳೆ ನಿಂತ ಮೇಲೆ ಹಾಲೇಶ ಸೂಜಿ ಹಿಡಿದು ಕೂರುವನು. ಎಲ್ಲಿ ಎಳೆ ಸತ್ತಿದೆಯೋ ಅಲ್ಲಿ ಕಿತ್ತು ಬೇರೆ ಎಳೆ ಹಾಕುವನು. ಹೆಬ್ಬೆರಳಿನ ಜಾಗಕ್ಕೆ ಇನ್ನೊಂದು ಪದರ ಕೊಡುವನು. ಮಾಗಿಯ ಚಳಿಯಲ್ಲಿ ಕೆಮ್ಮುವನು.

ಕರಿಬಸಪ್ಪ ಕಷಾಯ ತಂದು ಕೊಡುವನು.

"ನಿನ್ನ ದುಪ್ಪಟಿಗಿಂತ ನನ್ನ ಹಿಟ್ಟಿನ ಜರಡಿ ಬೆಚ್ಚಗಿದೆ. ಬೇಕಾದರೆ ಅದನ್ನೇ ಹೊದ್ದುಕೋ."

"ನನ್ನದು ಇನ್ನೂ ನಾಲ್ಕು ಅಣ್ಣಾ."

"ನಾಲ್ಕು, ನಾಲ್ಕು! ಎಲ್ಲರದೂ ಮೂರು ವರ್ಷಕ್ಕೆ ಐದಾಗುತ್ತೆ. ನಿನ್ನ ಹೆಬ್ಬೆರಳು ಏನು ಕಾಶಿಗೆ ಹೋಗಿದೆಯಾ?"

ಹಾಲೇಶ ನಗುವನು. ನಕ್ಕರೆ ಕೆಮ್ಮು ಬರುವುದು.

ಆ ವರ್ಷವೂ ಎಲ್ಲರೂ ಬಂಡೆಯ ಮೇಲೆ ನಿಂತರು. ಬಿಸಿಲು ಹದವಾಗಿತ್ತು. ಅಜ್ಜ ಸಾಲಿನುದ್ದಕ್ಕೂ ನಡೆದರು.

"ಎಷ್ಟು?"

"ಐದು."

"ಎಷ್ಟು?"

"ಮೂರು ಅಜ್ಜಾ. ಕಿರುಬೆರಳು ಕಂಡ ಹಾಗೂ ಇದೆ, ಕಾಣದ ಹಾಗೂ ಇದೆ."

"ಹಾಗಾದರೆ ಅದು ಮುಂದಿನ ವರ್ಷದ್ದು. ನಿನ್ನದೆಷ್ಟು?"

"ನಾಲ್ಕು" ಎಂದ ಹಾಲೇಶ.

ಅಜ್ಜ ಮುಂದೆ ಹೋದರು. ಒಟ್ಟು ಮೂವರದು ಐದಾಗಿತ್ತು.

ಕೊನೆಗೆ ಕರಿಬಸಪ್ಪ ಸಲಿಗೆಯಿಂದ ಕೇಳಿದ. "ನಮ್ಮನ್ನೆಲ್ಲ ಕೇಳಿದಿರಿ. ನಿಮ್ಮದೆಷ್ಟು?"

ಅಜ್ಜ ತಮ್ಮ ದುಪ್ಪಟಿಯನ್ನು ಬಿಸಿಲಿಗೆ ಹಿಡಿದು ನೋಡಿದರು. "ಎರಡು."

"ಅಂಚು ಹರಿದು ನೇತಾಡ್ತಿದೆಯಲ್ಲ ಅಜ್ಜಾ."

"ಜಾಲಿಮುಳ್ಳಿಗೆ ಸಿಕ್ಕಿತು. ಅಂಚು ಹರಿದರೆ ಬಟ್ಟೆ ಹೋಗಲಿಲ್ಲ."

ಆಮೇಲೆ ಅವರು ಹಾಲೇಶನ ಕಡೆ ತಿರುಗಿದರು.

"ಈ ಸಲ ನೀನು ಹೊಳೆ ದಾಟಿ ಹೋಗು. ನೇಕಾರರ ಬನಮ್ಮನ ಮನೆಗೆ ಹತ್ತಿ ಕೊಟ್ಟು ಮೂರು ದುಪ್ಪಟಿ ತಗೊಂಡು ಬಾ."

"ಅಳತೆ?"

"ನಿನ್ನದನ್ನೇ ಒಯ್ಯಿ. ಅವಳಿಗೆ ತೋರಿಸು."

*

ಬನಮ್ಮನ ಮನೆಯ ಹೊಸ್ತಿಲು ದಾಟುವ ಮೊದಲೇ ಹಾಲೇಶ ನಿಂತುಬಿಟ್ಟ.

ಗಂಜಿಯ ವಾಸನೆ.

ಒಳಗೆ ಲಾಳಿ ಓಡುತ್ತಿತ್ತು. ಕಟ, ಕಟ. ನಡುವೆ ಒಂದು ಉಸಿರಿನಷ್ಟು ಬಿಡುವು. ಮತ್ತೆ ಕಟ, ಕಟ. ಆ ಬಿಡುವಿನಲ್ಲಿ ಅವ್ವ ಕಾಲು ಬದಲಾಯಿಸುತ್ತಿದ್ದಳು. ಅವನು ಮಣ್ಣಿನ ನೆಲದ ಮೇಲೆ ಮಲಗಿಕೊಂಡು, ಬಿಡುವು ಬಂದಾಗ ಕಣ್ಣು ಮುಚ್ಚಿ, ಸದ್ದು ಬಂದಾಗ ತೆರೆಯುತ್ತಿದ್ದ. ಅದು ಒಂದು ಆಟ. ಆಡುತ್ತಾ ಆಡುತ್ತಾ ನಿದ್ದೆ ಹೋಗುತ್ತಿದ್ದ.

ಲಾಳಿ ನಿಂತಿತು.

"ಯಾರಪ್ಪ ಅದು? ಬಾಗಿಲಲ್ಲಿ ನಿಂತು ಬೆಳಕು ತಿಂತಾ ಇದ್ದೀಯ."

"ಆಶ್ರಮದಿಂದ ಬಂದೆ ತಾಯಿ. ಮೂರು ದುಪ್ಪಟಿ ಬೇಕು. ಅಳತೆಗೆ ಇದು."

ಬನಮ್ಮ ಗುಂಡಿಯಿಂದ ಮೇಲೆ ಬಂದಳು. ಅರವತ್ತು ದಾಟಿದ ಹೆಂಗಸು. ಬೆನ್ನು ಬಾಗಿತ್ತು, ಕೈ ಬಾಗಿರಲಿಲ್ಲ. ದುಪ್ಪಟಿ ಇಸಿದುಕೊಂಡು ಬಾಗಿಲ ಬೆಳಕಿಗೆ ಬಿಡಿಸಿದಳು. ಅಳೆಯುವುದನ್ನು ಮರೆತು ನಕ್ಕಳು.

"ಇದೇನು ದುಪ್ಪಟಿಯೋ, ಪಂಚಾಯ್ತಿಯೋ?"

"ಯಾಕೆ?"

"ಒಂದೆಳೆಗೂ ಇನ್ನೊಂದೆಳೆಗೂ ಮಾತಿಲ್ಲ. ನೋಡು, ಇದು ನಮ್ಮನೆ ನೂಲು. ದೀಪದ ಬತ್ತಿಗೆ ಅಂತ ಆಶ್ರಮಕ್ಕೆ ಕೊಟ್ಟದ್ದು, ನಿನ್ನ ಹೆಗಲ ಮೇಲೆ ಬಂದು ಕೂತಿದೆ. ಇದು ಗಿರಣಿದು. ಇದು... ಅಯ್ಯೋ ಶಿವನೇ! ಗೋಣಿದಾರ!"

"ಆ ವರ್ಷ ನೂಲು ಸಿಗಲಿಲ್ಲ."

"ಹೆಗಲು ಕೆರೆಯೋದಿಲ್ವೇನೋ?"

"ಕೆರೆಯುತ್ತೆ."

"ಮತ್ತೆ ಯಾಕೆ ಹೊದೀತೀಯ?"

ಹಾಲೇಶ ನೆಲ ನೋಡಿದ.

"ಅವ್ವ ನೇಯ್ದದ್ದು."

ಬನಮ್ಮನ ನಗು ನಿಂತಿತು.

"ಇದ್ದಾಳಾ?"

"ಇಲ್ಲ. ಆರು ವರ್ಷ ಆಯಿತು."

ಅವಳು ಚಾಪೆಯ ಮೇಲೆ ಕುಳಿತಳು. ದುಪ್ಪಟಿಯನ್ನು ಇಬ್ಬರ ನಡುವೆ ಹಾಸಿದಳು. ಈಗ ಅವಳ ದನಿ ಬೇರೆಯಾಗಿತ್ತು.

"ತೋರಿಸು. ಇದರಲ್ಲಿ ಯಾವುದು ಅವಳದು?"

ಹಾಲೇಶ ಹುಡುಕಿದ. ಯಾವ ಕೆಲಸವನ್ನೂ ಅವನು ಅಂದಾಜಿನಲ್ಲಿ ಮಾಡುವವನಲ್ಲ. ಒಂದು ತುದಿಯಿಂದ ಶುರು ಮಾಡಿ, ಗೇಣು ಗೇಣಾಗಿ ನೋಡುತ್ತಾ ಬಂದ. ಇದು ಎರಡನೆಯ ವರ್ಷ ಹಾಕಿದ್ದು. ಇದು ಹೋದ ವರ್ಷದ್ದು. ಇದು ಗಿರಣಿಯದು. ಇದೂ ಗಿರಣಿಯದು. ಹೆಗಲ ಜಾಗ ಪೂರ್ತಿ ಅವನು ಹೆಣೆದದ್ದು. ನಡುಭಾಗವೂ ಅವನದೇ. ಬೇಗ ಬೇಗ ನೋಡಿದ. ಮತ್ತೆ ಹಿಂದಕ್ಕೆ ಹೋಗಿ ನಿಧಾನವಾಗಿ ನೋಡಿದ.

ಕೆಂಪು ಅಂಚಿನ ಪಕ್ಕದಲ್ಲಿ, ಒಂದು ಮೂಲೆಯಲ್ಲಿ, ಒಂದು ಗೇಣು ಸಿಕ್ಕಿತು.

"ಇಷ್ಟು."

"ಉಳಿದದ್ದು?"

"ಎಳೆ ಸತ್ತಿತ್ತು. ಒಂದೊಂದೇ ಕಿತ್ತು ಬೇರೆ ಹಾಕಿದೆ."

"ಕಿತ್ತದ್ದನ್ನು ಏನು ಮಾಡಿದೆ?"

"ಹೊಳೆಗೆ ಬಿಟ್ಟೆ."

ಹೇಳಿದ ಮೇಲೆ ಅವನಿಗೆ ತನ್ನ ಮಾತು ಕೇಳಿಸಿತು.

ಹೊರಗೆ ಯಾರದೋ ಮನೆಯ ಲಾಳಿ ಓಡುತ್ತಿತ್ತು. ಹಾಲೇಶ ಆ ಒಂದು ಗೇಣಿನ ಮೇಲೆ ಕೈ ಇಟ್ಟುಕೊಂಡು ಕುಳಿತ. ಆರು ಮಳೆಗಾಲ. ಪ್ರತಿ ಸಲವೂ ಒಂದು ಹಿಡಿ ಹಳೆಯ ಎಳೆ. ನೀರಿಗೆ ಬಿಟ್ಟು, ಕೈ ತೊಳೆದುಕೊಂಡು, ಇನ್ನೊಂದು ವರ್ಷ ಉಳಿಯಿತು ಎಂದು ಸಮಾಧಾನದಿಂದ ದಂಡೆ ಹತ್ತಿದ್ದು.

ಎಷ್ಟೋ ಹೊತ್ತಾದ ಮೇಲೆ ಬನಮ್ಮ ದುಪ್ಪಟಿಯನ್ನು ಮತ್ತೆ ತನ್ನ ಕಡೆ ಎಳೆದುಕೊಂಡಳು. ಹೆಗಲ ಜಾಗವನ್ನು ಕಣ್ಣಿನ ಹತ್ತಿರ ಹಿಡಿದಳು. ಉಗುರಿನಿಂದ ಒಂದು ಎಳೆಯನ್ನು ಎಬ್ಬಿಸಿ ನೋಡಿದಳು.

"ನೂಲು ಕೆಟ್ಟದ್ದು. ಹೆಣಿಗೆ ಕೆಟ್ಟದ್ದಲ್ಲ. ಯಾರು ಹಾಕಿದ್ದು?"

"ನಾನೇ."

"ಈ ಹೆಣಿಗೆ ನಮ್ಮ ಕಡೆ ಇಲ್ಲ. ನಾವು ಒಂದು ಬಿಟ್ಟು ಒಂದು ಎತ್ತುತ್ತೀವಿ. ನೀನು ಎರಡು ಬಿಟ್ಟಿದ್ದೀಯ."

"ಎರಡು ಬಿಟ್ಟು ಮೂರನೆಯದು. ವಾಪಸ್ಸು ಬರುವಾಗ ಬಿಟ್ಟದ್ದನ್ನು ಎತ್ತಬೇಕು."

"ಎಲ್ಲಿ ಕಲಿತೆ?"

ಅವನಿಗೆ ಆಗ ಏಳು ವರ್ಷ. ಅಂಗಿಯ ತೋಳು ಹರಿದುಕೊಂಡು ಬಂದಿದ್ದ. ಅವ್ವ ಹೊಡೆಯಲಿಲ್ಲ. ಸೂಜಿ ಕೈಗೆ ಕೊಟ್ಟಳು. ಹೊಸ್ತಿಲ ಬೆಳಕಿನಲ್ಲಿ ಅವನನ್ನು ಮುಂದೆ ಕೂರಿಸಿಕೊಂಡು, ಹಿಂದಿನಿಂದ ಕೈ ಚಾಚಿ ಅವನ ಬೆರಳು ಹಿಡಿದಳು. ಅವನು ನೇರವಾಗಿ ತೂತಿಗೇ ಸೂಜಿ ಇಟ್ಟ. ಕಿವಿ ಹಿಂಡಿದಳು. "ತೂತಿನಿಂದ ಶುರು ಮಾಡಬೇಡ. ಅಲ್ಲಿ ಹಿಡಿಯೋಕೆ ಏನಿದೆ? ಗಟ್ಟಿ ಇರೋ ಕಡೆಯಿಂದ ಬಾ."

"ಅವ್ವ ಕಲಿಸಿದಳು" ಎಂದ ಹಾಲೇಶ.

"ಹೂಂ" ಎಂದಳು ಬನಮ್ಮ. ಮೂಲೆಯಿಂದ ಒಂದು ಹರಿದ ಬಟ್ಟೆಯ ಚೌಕ ತಂದು ಅವನ ಮುಂದಿಟ್ಟಳು. "ನನಗೂ ತೋರಿಸು. ನಿಧಾನಕ್ಕೆ. ನನ್ನ ಕಣ್ಣು ಮಂಜು."

ಅವನು ತೋರಿಸಿದ. ಅವಳು ಎರಡು ಸಲ ತಪ್ಪಿದಳು.

"ತೂತಿಗೆ ಇಡಬೇಡಿ ತಾಯಿ. ಗಟ್ಟಿ ಇರೋ ಕಡೆಯಿಂದ ಬನ್ನಿ."

"ನಲವತ್ತು ವರ್ಷ ಮಗ್ಗದಲ್ಲಿ ಕೂತವಳಿಗೆ ಹೇಳಿಕೊಡ್ತಾನೆ ನೋಡು" ಎಂದು ಬೈದಳು. ಮೂರನೆಯ ಸಲ ಸರಿಬಂತು. ಬೆಳಕಿಗೆ ಹಿಡಿದು ನೋಡಿ ತಲೆದೂಗಿದಳು.

ಆಮೇಲೆ ಎದ್ದು, ತನ್ನ ಮೊಳದಿಂದ ದುಪ್ಪಟಿ ಅಳೆದಳು. ಅಟ್ಟಣಿಗೆಯಿಂದ ಮೂರು ಹೊಸ ದುಪ್ಪಟಿ ಇಳಿಸಿ ಕಟ್ಟಿಕೊಟ್ಟಳು.

"ಮೂರು ಸಾಕಾ?"

"ಐದು ಬೆರಳು ಕಂಡದ್ದು ಮೂವರಿಗೇ. ನನ್ನದು ನಾಲ್ಕು."

"ಏನು ನಾಲ್ಕು?"

ಅವನು ಕ್ರಮವನ್ನು ವಿವರಿಸಿದ. ಬನಮ್ಮ ದುಪ್ಪಟಿಯನ್ನು ಬಾಗಿಲಿಗೆ ಹಿಡಿದು, ಹೆಗಲ ಜಾಗದ ಹಿಂದೆ ಎಡಗೈ ಇಟ್ಟು ನೋಡಿದಳು. ನಾಲ್ಕು ಬೆರಳು ಬಿಚ್ಚಿಟ್ಟ ಹಾಗೆ ಕಂಡವು. ಹೆಬ್ಬೆರಳು ಕಾಣಲಿಲ್ಲ.

"ಓಹೋ! ಹೆಬ್ಬೆರಳಿಗೆ ಬೇರೆ ಮನೆ ಕಟ್ಟಿಸಿಕೊಟ್ಟಿದ್ದೀಯ!"

ಹಾಲೇಶನ ಕಿವಿ ಬಿಸಿಯಾಯಿತು. ಎಲ್ಲಿಂದಲೋ ಯಾರೋ ಬಂದು ಹಿಂಡಿದ ಹಾಗೆ.

"ನನಗೂ ಒಂದು ಬೇಕೇನೋ ತಾಯಿ" ಎಂದ. "ಗೊತ್ತಾಗುತ್ತಿಲ್ಲ. ನೀವೇ ಹೇಳಿ."

"ನಾನು ಹೇಳೋದಿಲ್ಲಪ್ಪ. ನಾನು ಮಾರೋಳು. ಮಾರೋಳ ಮಾತು ಕೇಳಿ ಯಾರೂ ಬಟ್ಟೆ ಕೊಳ್ಳಬಾರದು." ಅವಳು ಮತ್ತೆ ಗುಂಡಿಗೆ ಇಳಿದಳು. "ಮಗ್ಗದ ಮೇಲೆ ಒಂದಿದೆ. ನಾಲ್ಕು ದಿನಕ್ಕೆ ಮುಗಿಯುತ್ತೆ. ಯಾರಿಗೆ ಅಂತ ಇನ್ನೂ ಹೇಳಿಲ್ಲ."

*

ಮರುದಿನ ಬಿಸಿಲೇರಿದ ಮೇಲೆ ಹಾಲೇಶ ಒಬ್ಬನೇ ಬಂಡೆಗೆ ಹೋದ.

ದುಪ್ಪಟಿಯನ್ನು ಮನಸ್ಸಿನಲ್ಲೇ ಹದಿನಾರು ಭಾಗ ಮಾಡಿಕೊಂಡ. ಒಂದೊಂದು ಭಾಗದ ಹಿಂದೆಯೂ ಕೈ ಇಟ್ಟು ಎಣಿಸಿದ. ಹೆಗಲ ಜಾಗದಲ್ಲಿ ನಾಲ್ಕು. ಗೋಣಿದಾರ ಇದ್ದ ಕಡೆ ಎರಡು. ಉಳಿದ ಹದಿಮೂರು ಭಾಗದಲ್ಲಿ ಐದು.

ಹದಿನಾರನೆಯದು ಆ ಮೂಲೆ. ಅವ್ವನ ಒಂದು ಗೇಣು.

ಅದರ ಹಿಂದೆ ಕೈ ಇಡುವುದಕ್ಕೆ ಮನಸ್ಸಾಗಲಿಲ್ಲ. ಇಟ್ಟ. ಐದು ಬೆರಳೂ ಕಂಡವು. ಉಗುರುಗಳೂ ಕಂಡವು. ಬೆರಳ ಸಂದಿಯಲ್ಲಿ ಹೊಳೆಯೂ ಕಂಡಿತು.

ಅವನು ದುಪ್ಪಟಿ ಹೊದ್ದುಕೊಂಡು ಅಲ್ಲೇ ಕುಳಿತ. ನೀರು ಹರಿಯುತ್ತಿತ್ತು.

ಎರಡು ದಿನ ಏನೂ ಮಾಡಲಿಲ್ಲ. ಹಗ್ಗ ಹೊಸೆದ, ಹತ್ತಿ ಬಿಡಿಸಿದ. ಕರಿಬಸಪ್ಪ ಏನೋ ಹೇಳಿದರೆ "ಹೂಂ" ಎಂದ. "ಇವತ್ತು ಸಾರಿಗೆ ಉಪ್ಪು ಹಾಕಿಲ್ಲ" ಎಂದರೂ "ಹೂಂ" ಎಂದ.

ಮೂರನೆಯ ದಿನ ಅಜ್ಜನ ಬಳಿಗೆ ಹೋದ. ಅಜ್ಜ ಬಿಸಿಲು ಕಾಯಿಸುತ್ತಾ ಕುಳಿತಿದ್ದರು.

"ಅಜ್ಜಾ, ನನ್ನನ್ನು ಇನ್ನೊಮ್ಮೆ ಕೇಳಿ."

"ಏನನ್ನು?"

"ಬಂಡೆಯ ಮೇಲೆ ಕೇಳಿದ್ದನ್ನು."

"ಎಷ್ಟು?"

"ಐದು."

"ಯಾವಾಗಿನಿಂದ?"

"ಆರು ವರ್ಷದಿಂದ."

ಅಜ್ಜನ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

"ನಿಮಗೆ ಗೊತ್ತಿತ್ತಾ?"

"ದಿನಾ ಹಗ್ಗ ಹೊಸೆಯೋನು ಹೆಬ್ಬೆರಳಿಲ್ಲ ಅಂದರೆ ಯಾರು ನಂಬ್ತಾರೆ?"

"ಹಾಗಾದರೆ ಯಾಕೆ ಕೇಳಲಿಲ್ಲ?"

"ಪ್ರತಿ ವರ್ಷ ಕೇಳಿದೆನಲ್ಲಪ್ಪ."

ಹಾಲೇಶ ಎದುರಿಗೆ ಕುಳಿತ. ಆಮೇಲೆ ಎಲ್ಲವನ್ನೂ ಹೇಳಿದ. ಮಗ್ಗದಿಂದ ಕೊಯ್ದ ದಿನ, ಮುಚ್ಚಿದ ಗುಂಡಿ, ಸೂಜಿ, ಬನಮ್ಮ, ಒಂದು ಗೇಣು, ಹೊಳೆ. ಅವ್ವ ಕಲಿಸಿದ ಹೆಣಿಗೆಯನ್ನು ಬನಮ್ಮನಿಗೆ ಹೇಳಿಕೊಟ್ಟದ್ದನ್ನೂ ಹೇಳಿದ, ಅವಳು ಬೈದದ್ದನ್ನೂ.

ಮುಗಿದ ಮೇಲೆ ಅಜ್ಜ ಕೇಳಿದರು. "ಅಂದು ಒಬ್ಬ ಯಾತ್ರಿಕ ಬಂದಿದ್ದನಲ್ಲ. ತಡವಾಗಿ ಕೊಂಡರೆ ಏನು ಅಂತ ಕೇಳಿದ್ದ. ಈಗ ಹೇಳ್ತೀಯಾ?"

ಹಾಲೇಶ ಹೆಗಲು ಸವರಿಕೊಂಡ.

"ಗೊತ್ತಿಲ್ಲ ಅಜ್ಜಾ. ಹೆಗಲು ಕೆರೆಯುತ್ತೆ. ಅಷ್ಟು ಗೊತ್ತು."

ಅಜ್ಜ ಜೋರಾಗಿ ನಕ್ಕರು. ಅಡುಗೆಮನೆಯಿಂದ ಕರಿಬಸಪ್ಪ ಇಣುಕಿ ನೋಡಿದ.

"ಹೋಗು. ಹೊಳೆ ದಾಟು" ಎಂದರು.

*

ಬನಮ್ಮನ ಮಗ್ಗದ ಮೇಲೆ ಇನ್ನೂ ಒಂದು ಮೊಳ ಬಾಕಿ ಇತ್ತು.

"ಕೂತ್ಕೋ" ಎಂದಳು.

"ನಿಂತೇ ಇರ್ತೀನಿ ತಾಯಿ."

ಅವನು ಬಾಗಿಲ ಪಕ್ಕಕ್ಕೆ ಸರಿದು, ಬೆಳಕಿಗೆ ಅಡ್ಡವಾಗದಂತೆ ನಿಂತ. ಕಟ, ಕಟ. ಬಿಡುವು. ಕಟ, ಕಟ. ಅವನು ಕಣ್ಣು ಮುಚ್ಚಿದ, ತೆರೆದ.

ಮುಗಿಯಿತು. ಬನಮ್ಮ ಬಟ್ಟೆಯನ್ನು ಕೊಯ್ದು ಅವನ ಕೈಗೆ ಕೊಟ್ಟಳು. ಅಚ್ಚ ಬಿಳಿ. ಅಂಚಿಲ್ಲ. ಅವನು ಬಾಗಿಲ ಬೆಳಕಿಗೆ ಹಿಡಿದು, ಹಿಂದೆ ಕೈ ಇಟ್ಟು ನೋಡಿದ. ಒಂದು ಬೆರಳೂ ಕಾಣಲಿಲ್ಲ.

"ಹಳೇದು ಕೌದಿಗೆ ಹೋಗುತ್ತಲ್ಲ" ಎಂದಳು ಬನಮ್ಮ. "ಆ ಒಂದು ಗೇಣು ಕೊಯ್ದು ಹೊಸದರ ಮೂಲೆಗೆ ಹಚ್ಚಿಕೊಡಲಾ? ಯಾರಿಗೂ ಕಾಣೋದಿಲ್ಲ. ಕೆಂಪಂಚೂ ಉಳಿಯುತ್ತೆ."

ಹಾಲೇಶ ಹೊದ್ದಿದ್ದ ದುಪ್ಪಟಿಯ ಆ ಮೂಲೆಯನ್ನು ಕೈಗೆ ತೆಗೆದುಕೊಂಡ. ಬಹಳ ಹೊತ್ತು ಹಿಡಿದುಕೊಂಡಿದ್ದ. ಬನಮ್ಮ ಕತ್ತರಿ ಹಿಡಿದು ಕಾಯುತ್ತಿದ್ದಳು.

"ಬೇಡ ತಾಯಿ."

"ಯಾಕೋ? ತಪ್ಪೇನಿಲ್ಲ."

"ಹಚ್ಚಿದರೆ ಮತ್ತೆ ಅದನ್ನು ಕಾಯುತ್ತಾ ಕೂರ್ತೀನಿ."

ಬನಮ್ಮ ಕತ್ತರಿ ಕೆಳಗಿಟ್ಟಳು. ಅವನು ತಂದಿದ್ದ ಹತ್ತಿಯ ಗಂಟನ್ನು ಒಳಗೆ ಒಯ್ದಳು. ಹೊರಗೆ ಬಂದು, ಹೊಸ ದುಪ್ಪಟಿಯನ್ನು ಮಡಿಸಲು ಹೋಗಿ, ಏನನ್ನಿಸಿತೋ, ಮಡಿಸದೆ ಹಾಗೇ ಅವನ ಹೆಗಲ ಮೇಲೆ ಹಾಕಿದಳು.

ಹರಿಗೋಲಿನಲ್ಲಿ ಹಾಲೇಶ ನೀರಿನ ಕಡೆ ನೋಡುತ್ತಾ ಬಂದ.

*

ಕರಿಬಸಪ್ಪ ಪಡಸಾಲೆಯಲ್ಲಿ ಕೌದಿಗೆ ಪದರ ಹಾಸಿಕೊಂಡಿದ್ದ. ಮೂರು ಹಳೆಯ ದುಪ್ಪಟಿಗಳು ಆಗಲೇ ಬಿದ್ದಿದ್ದವು. ಹಾಲೇಶ ಬಂದು ತನ್ನದನ್ನು ನೀಡಿದ.

ಕರಿಬಸಪ್ಪ ಅವನ ಮುಖ ನೋಡಿದ. ತಮಾಷೆ ಮಾಡಬೇಕೆಂದಿದ್ದವನು ಮಾಡಲಿಲ್ಲ.

"ಎಲ್ಲಿ ಹಾಕಲಿ? ಮೇಲೋ, ಒಳಗೋ?"

"ಒಳಗೆ ಹಾಕಣ್ಣಾ. ಗೋಣಿದಾರ ಇದೆ. ಯಾರಿಗೂ ಕೆರೆಯಬಾರದು."

ಕರಿಬಸಪ್ಪ ಅದನ್ನು ನಡುವೆ ಹಾಸಿ, ಸುಕ್ಕು ತೆಗೆದು, ಮೇಲೆ ಇನ್ನೊಂದು ಪದರ ಮುಚ್ಚಿದ. ಕೆಂಪು ಅಂಚು ಒಂದು ಕ್ಷಣ ಕಂಡು ಮರೆಯಾಯಿತು. ಗೋಣಿಸೂಜಿಗೆ ದಾರ ಪೋಣಿಸಿ ಮೊದಲ ಹೊಲಿಗೆ ಹಾಕಿದ.

ಹಾಲೇಶ ಹೊರಗೆ ಬಂದ. ಅಜ್ಜ ಹೊಳೆಯ ಕಡೆ ಮುಖ ಮಾಡಿ ಬಂಡೆಯ ಮೇಲೆ ಕುಳಿತಿದ್ದರು. ಅವನು ಹೋಗಿ ಸ್ವಲ್ಪ ದೂರದಲ್ಲಿ ಕುಳಿತ. ಹೊಸ ದುಪ್ಪಟಿ ಬೆಚ್ಚಗಿತ್ತು. ಗಂಜಿಯ ವಾಸನೆ ಬರುತ್ತಿತ್ತು. ಮೊದಲ ತೊಳೆತಕ್ಕೆ ಅದು ಹೋಗುತ್ತದೆ.

"ಸರಿಯಾಗಿಯೇ ಕೊಂಡೆ ಅಜ್ಜಾ" ಎಂದ. "ಅದರಲ್ಲಿ ಅನುಮಾನ ಇಲ್ಲ."

"ಹೂಂ."

"ಆದರೆ ಅವ್ವನದು ಅಂತ ಇನ್ನು ನನ್ನ ಹತ್ತಿರ ಏನೂ ಉಳಿಯಲಿಲ್ಲ."

ಅಜ್ಜ ತಮ್ಮ ಹೆಗಲ ಮೇಲಿನ ದುಪ್ಪಟಿ ತೆಗೆದು, ಇಳಿಬಿಸಿಲಿಗೆ ಹಿಡಿದು, ಹಿಂದೆ ಎಡಗೈ ಇಟ್ಟರು.

"ನನ್ನ ಕಣ್ಣು ಸರಿ ಇಲ್ಲ. ನೀನು ನೋಡು. ಎಷ್ಟು?"

ಹಾಲೇಶ ಬಗ್ಗಿ ನೋಡಿದ. "ಎರಡು ಅಜ್ಜಾ."

"ಹಾಗಾದರೆ ಹೊಸದು ಬೇಡ."

"ಬೇಡ. ಅಂಚು ಮಾತ್ರ ಹೋಗಿದೆ."

ಅಜ್ಜ ದುಪ್ಪಟಿಯನ್ನು ನಾಲ್ಕು ಮಡಿಕೆ ಮಾಡಿದರು. ಹರಿದ ಅಂಚು ಮೇಲೆ ಬರುವ ಹಾಗೆ ಹಾಲೇಶನ ತೊಡೆಯ ಮೇಲೆ ಇಟ್ಟರು.

"ನಿಮ್ಮವ್ವನ ಕೈಲಿ ಹೊಲಿಸಿಕೊಂಡು ಬಾ."